ವಾಸನೆ ಇಲ್ಲದ ಗಿಡ

"ಗುರುಗಳೇ, ನಾನು ಆರಿಸಿ ಆರಿಸಿ ಒಳ್ಳೆಯ ಮಾತನ್ನೇ ಆಡುತ್ತೇನೆ. ಆದರೂ ಅದು ಯಾರಿಗೂ ನಾಟುತ್ತಿಲ್ಲ. ಯಾಕೆ?" ಎಂದು ಅಡಿವೆಪ್ಪ ಕೇಳಿದ.

ಅಡಿವೆಪ್ಪ ಆ ಮಠದಲ್ಲಿ ಹತ್ತು ವರ್ಷದಿಂದ ಸೋಮವಾರದ ಪ್ರವಚನ ಹೇಳುತ್ತಿದ್ದವನು. ಮೊದಲ ವರ್ಷ ಅವನ ಮಾತು ಕೇಳಿ ಒಬ್ಬ ಸಾಹುಕಾರ ಸಿಟ್ಟಿನಿಂದ ಎದ್ದು ಹೋಗಿದ್ದ. ಅದೇ ದಿನ ಒಬ್ಬ ಮುದುಕಿ ಅತ್ತಿದ್ದಳು. ಈಗ ಯಾರೂ ಎದ್ದು ಹೋಗುವುದಿಲ್ಲ, ಯಾರೂ ಅಳುವುದಿಲ್ಲ. ಪ್ರಸಾದದ ಗಂಟೆ ಬಾರಿಸುವವರೆಗೆ ಕೂತಿದ್ದು, ಚಲೋ ಆಯಿತೆಂದು ಹೇಳಿ ಹೋಗುತ್ತಾರೆ.

ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಅವನ ಹೆಂಡತಿಗೆ ಸೊಂಟದಿಂದ ಪಾದದವರೆಗೆ ಸೆಳೆತದ ಬೇನೆ. ಬೇನೆ ಬಂದರೆ ಅವಳು ಗೋಡೆ ಹಿಡಿದು ಕೂತುಬಿಡುತ್ತಿದ್ದಳು. ಮದ್ದು, ಮಂತ್ರ, ದೊಡ್ಡ ಡಾಕ್ಟರು ಎಲ್ಲ ಆದ ಮೇಲೆ ಅವಳ ತಾಯಿ ಬಂದು ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಭಂಗಿ ಬೀಜ ಕೊಟ್ಟಳು. ಇದನ್ನು ಬಿತ್ತಿ, ಬಂದ ಎಲೆಯನ್ನು ಹಾಲಿನಲ್ಲಿ ಕುದಿಸಿ ಕೊಟ್ಟರೆ ಮಗಳು ನಿದ್ದೆ ಮಾಡುತ್ತಾಳೆ ಎಂದಳು. ಹಾಗೆಯೇ ಆಯಿತು. ಮೊದಲ ವರ್ಷ ಒಂದೇ ಎಲೆ ಸಾಕಾಗುತ್ತಿತ್ತು. ನೇಕಾರನಿಗೆ ಹೆಂಡತಿಯ ಮೇಲೆ ಜೀವ. ಅವಳು ನಿದ್ದೆ ಮಾಡಿದ್ದು ಕಂಡು ಅವನು ಮಗ್ಗದ ಮುಂದೆ ಕೂತು ಅತ್ತುಬಿಟ್ಟ.

ಎರಡನೆಯ ವರ್ಷ ಪಕ್ಕದ ಓಣಿಯ ಒಬ್ಬ ಅಂಗಡಿಯವನನ್ನು ಅಬಕಾರಿಯವರು ಹಿಡಿದುಕೊಂಡು ಹೋದರು. ಅವನ ಹಿತ್ತಲಲ್ಲಿ ಇದ್ದದ್ದು ನಾಲ್ಕೇ ಭಂಗಿ ಗಿಡ. ಹಿಂದಿನ ಕಾಲದಲ್ಲಿ ಯಾರೂ ಕೇಳುತ್ತಿರಲಿಲ್ಲ. ಈಗ ಕಾಯ್ದೆ ಬೇರೆ. ಆ ದಿನ ನೇಕಾರನ ಹೊಟ್ಟೆಯೊಳಗೆ ಹೊಕ್ಕ ಅಂಜಿಕೆ ಮತ್ತೆ ಹೊರಗೆ ಬರಲಿಲ್ಲ. ಬಾಗಿಲು ಬಡಿದರೆ ಅವನ ಕೈಯಲ್ಲಿದ್ದ ಲಾಳಿ ಜಾರುತ್ತಿತ್ತು. ಹಾಲಿನವನು ಹಿತ್ತಲ ಕಡೆ ನೋಡಿದರೂ ಓಡಿಹೋಗಿ ಹಿತ್ತಲ ಬಾಗಿಲು ಮುಚ್ಚುತ್ತಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಹೇಗಿರುತ್ತಾನೆ ಎಂದು ಕೇಳಿದ್ದೇವಲ್ಲ, ಇವನು ಯಾರೂ ಏನೂ ಅನ್ನದೆಯೇ ದಿನಕ್ಕೆ ಹತ್ತು ಸಲ ಹೆಗಲು ಮುಟ್ಟಿಕೊಳ್ಳುತ್ತಿದ್ದ.

ಗಿಡ ಕಿತ್ತರೆ ಹೆಂಡತಿಗೆ ಬೇನೆ, ಇಟ್ಟುಕೊಂಡರೆ ತನಗೆ ಜೈಲು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಅವನು ಒಂದು ಯುಕ್ತಿ ಮಾಡಿದ. ಪಲ್ಯಕ್ಕೆ ಹಾಕುವ ಹುಳಿ ಪುಂಡಿ ಸೊಪ್ಪಿನ ಎಲೆಯೂ ಭಂಗಿಯ ಎಲೆಯೂ ದೂರದಿಂದ ನೋಡಿದರೆ ಅಕ್ಕತಂಗಿಯರ ಹಾಗೆ. ಹಿತ್ತಲ ತುಂಬ ಪುಂಡಿ ಹಾಕಿ, ನಡುವೆ ಭಂಗಿ ಬಿತ್ತಿದ. ಕಣ್ಣಿಗೇನೋ ಮರೆಯಾಯಿತು. ಆದರೆ ಭಂಗಿ ಹೂ ಬಿಟ್ಟಾಗ ಅದರ ವಾಸನೆ ಗೋಡೆ ಹಾರುತ್ತದೆ. ವಾಸನೆಯನ್ನು ಬಚ್ಚಿಡುವುದು ಹೇಗೆ?

ಅವನು ನೇಕಾರ. ಸಾವಿರ ಎಳೆಯಲ್ಲಿ ಗಂಟಿರುವ ಒಂದು ಎಳೆಯನ್ನು ಆರಿಸಿ ತೆಗೆಯುವ ಕಣ್ಣು ಅವನದು. ಭಂಗಿಯಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಯಾವ ಗಂಡಿನ ಹೂಪುಡಿ ಯಾವ ಹೆಣ್ಣಿಗೆ ಬೀಳುತ್ತದೋ ಮುಂದಿನ ಬೀಜ ಅವುಗಳ ಗುಣದ್ದು. ಇದನ್ನು ತಿಳಿದುಕೊಂಡ ಮೇಲೆ ಅವನು ಗಾಳಿಯ ಪಾಲಿಗೆ ಏನನ್ನೂ ಬಿಡಲಿಲ್ಲ. ಪ್ರತಿ ವರ್ಷ ಒಂದೊಂದು ಗಿಡದ ಎದುರು ಬಗ್ಗಿ ಮೂಸುತ್ತಿದ್ದ. ವಾಸನೆ ಜೋರಾಗಿದ್ದ ಗಿಡವನ್ನು ಅಂದೇ ಕೀಳುತ್ತಿದ್ದ. ಎಲ್ಲಕ್ಕಿಂತ ವಾಸನೆ ಕಡಿಮೆ ಇದ್ದ, ಪುಂಡಿಯಂತೆಯೇ ಕಾಣುವ ಒಂದು ಗಂಡು, ಒಂದು ಹೆಣ್ಣು ಉಳಿಸುತ್ತಿದ್ದ. ಮಗ್ಗದ ಹಾಸುನೂಲಿಗೆ ಗಂಜಿ ಹಚ್ಚುವ ಕುಂಚದ ನಾಲ್ಕು ಕೂದಲಿನಿಂದ ಹೂಪುಡಿ ಮುಟ್ಟಿಸಿ, ಆ ಹೆಣ್ಣು ಗಿಡಕ್ಕೆ ಕೆಂಪು ನೂಲು ಕಟ್ಟುತ್ತಿದ್ದ. ಬಿತ್ತಿದಂತೆ ಬೆಳೆ ಎಂದು ಎಲ್ಲರೂ ಹೇಳುತ್ತಾರೆ. ಆರಿಸಿದಂತೆ ಬಿತ್ತನೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ನಾಲ್ಕನೆಯ ವರ್ಷ ಒಂದು ಹೆಣ್ಣು ಗಿಡ ಬೇರೆಯದೇ ಬಂತು. ಅದರ ಒಂದು ಎಲೆಯ ಹಾಲು ಕುಡಿದು ಹೆಂಡತಿ ಮೂರು ರಾತ್ರಿ ಸುಖವಾಗಿ ಮಲಗಿದಳು. ನಾಲ್ಕನೆಯ ದಿನ ರಾಟೆಯ ಮುಂದೆ ಕೂತು ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತ ಸಣ್ಣಗೆ ಹಾಡಿಕೊಂಡಳು. ಅವಳ ಹಾಡು ಕೇಳಿ ಎಷ್ಟೋ ವರ್ಷವಾಗಿತ್ತು. ಅದೇ ಹೊತ್ತಿಗೆ ಗೋಡೆಯಾಚೆಯ ನೆರೆಯವಳು, ಏನೋ ವಾಸನೆ ಬರುತ್ತಿದೆಯಲ್ಲ, ಏನು ಹಚ್ಚಿದ್ದೀರಿ ಎಂದು ಕೂಗಿ ಕೇಳಿದಳು. ನೇಕಾರ ಲೋಬಾನದ ಧೂಪ ಎಂದ. ಆ ಗಿಡ ಇನ್ನೂ ಬೀಜ ಕಟ್ಟಿರಲಿಲ್ಲ. ಸುಟ್ಟರೆ ಊರಿಗೆಲ್ಲ ವಾಸನೆ ಹೋಗುತ್ತದೆಂದು ಅವನು ಅದನ್ನು ಬೇರು ಸಮೇತ ಕಿತ್ತು ಮಗ್ಗದ ಕುಣಿಯಲ್ಲಿ ಹೂತ. ಮರುದಿನದಿಂದ ಅದರ ಮೇಲೆಯೇ ಕಾಲು ಇಳಿಬಿಟ್ಟು ನೇಯ್ದ.

ಮುಂದಿನ ವರ್ಷ ಒಂದು ಎಲೆ ಸಾಕಾಗಲಿಲ್ಲ, ಐದು ಹಾಕಿದ. ಆಮೇಲೆ ಒಂದು ಹಿಡಿ. ಆಮೇಲೆ ಎರಡು ಹಿಡಿ. ಮೈಗೆ ರೂಢಿಯಾಗಿದೆ, ಅದಕ್ಕೇ ಹೀಗೆ ಎಂದು ತನಗೆ ತಾನೇ ಹೇಳಿಕೊಂಡ. ಹೇಗಿದೆ ಎಂದು ಕೇಳಿದರೆ ಹೆಂಡತಿ, ವಾಸಿ, ಈಗ ಎಷ್ಟೋ ವಾಸಿ ಎನ್ನುತ್ತಿದ್ದಳು. ಅವಳು ಇತ್ತೀಚೆಗೆ ನರಳುತ್ತಲೂ ಇರಲಿಲ್ಲ. ಒಂದು ಮಾತ್ರ ಅವನಿಗೆ ತಿಳಿಯಲಿಲ್ಲ. ಅವಳ ಸೀರೆಯ ಸೆರಗುಗಳೆಲ್ಲ ತುದಿಯಲ್ಲಿ ಜಾಳಾಗಿದ್ದವು, ಎಳೆಗಳು ಕಡಿದಿದ್ದವು. ತಾನೇ ನೇಯ್ದ ಸೀರೆ, ಹಾಗೆ ಹಿಸಿಯುವಂಥದ್ದಲ್ಲ. ಇಲಿ ಕಡಿಯುತ್ತಿವೆ ಎಂದು ಬೋನು ತಂದಿಟ್ಟ. ಒಂದೂ ಇಲಿ ಬೀಳಲಿಲ್ಲ.

ಒಂಬತ್ತನೆಯ ವರ್ಷ ಅವನ ಹಿತ್ತಲಲ್ಲಿ ಪುಂಡಿ ಯಾವುದು, ಭಂಗಿ ಯಾವುದು ಎಂದು ಬಿತ್ತಿದ ಸಾಲು ನೆನೆದೇ ಹೇಳಬೇಕಾಗಿತ್ತು. ಆ ವರ್ಷ ಒಂದು ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಖಾಕಿ ಅಂಗಿಯ ಒಬ್ಬ ಅಬಕಾರಿಯವನು ಒಳಗೆ ಬಂದ. ಓಣಿಯಲ್ಲಿ ಎಲ್ಲರ ಹಿತ್ತಲನ್ನೂ ನೋಡುತ್ತಿದ್ದೇವೆ ಎಂದ. ನೇಕಾರ ಹಿತ್ತಲ ಬಾಗಿಲು ತೆರೆದುಕೊಟ್ಟ. ಅಬಕಾರಿಯವನು ಸಾಲಿನ ನಡುವೆ ನಡೆದು, ನೇರವಾಗಿ ಒಂದು ಭಂಗಿ ಗಿಡದ ಮುಂದೆ ನಿಂತು, ಎಲೆ ಹರಿದು, ಅಂಗೈಯಲ್ಲಿ ತಿಕ್ಕಿ ಮೂಸಿದ.

"ಪುಂಡಿ ಚಲೋ ಬಂದೈತಿ. ಎರಡು ಕಟ್ಟು ಕಟ್ರಿ, ಮನೀಗೆ ಒಯ್ತೀನಿ" ಎಂದ.

ಅಂಜಿದವನ ಮೇಲೆ ಕಪ್ಪೆ ಎಸೆದಂತಾಯಿತು. ಇದು ಬೇಡ, ಆಚೆಯ ಸಾಲಿನದು ಎಳೆಯದಿದೆ ಎನ್ನಬೇಕೆಂದುಕೊಂಡ. ಅಂದರೆ ಸಂಶಯ ಬರುತ್ತದೆ. ಅಬಕಾರಿಯವನು ಕೈ ಮಾಡಿ ತೋರಿಸಿದ ಗಿಡಗಳಿಂದಲೇ ಎರಡು ಕಟ್ಟು ಸೊಪ್ಪು ಕಟ್ಟಿಕೊಟ್ಟ.

ಆಮೇಲಿನ ಮೂರು ದಿನ ಅವನು ಅನ್ನ ನುಂಗಲಿಲ್ಲ. ಎರಡು ಕಟ್ಟು ಭಂಗಿ ತಿಂದರೆ ಆ ಮನೆಯ ಮುದುಕರ, ಮಕ್ಕಳ ಗತಿ ಏನಾಗುತ್ತದೆ? ಯಾರಾದರೂ ಸತ್ತರೆ? ಹೋಗಿ ಹೇಳಲು ಎರಡು ಸಲ ಎದ್ದ, ಎರಡು ಸಲವೂ ಹೊಸ್ತಿಲಿನಿಂದ ತಿರುಗಿದ. ಮಕ್ಕಳು ಸಾಯಬಹುದೆಂಬ ಭಯಕ್ಕಿಂತ ತನ್ನನ್ನು ಹಿಡಿಯುತ್ತಾರೆಂಬ ಭಯ ದೊಡ್ಡದಾಗಿತ್ತು. ಅದು ತಿಳಿದಾಗ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಆದರೂ ಹೋಗಲಿಲ್ಲ.

ನಾಲ್ಕನೆಯ ದಿನ ಅಬಕಾರಿಯವನು ಮತ್ತೆ ಬಂದ. ನೇಕಾರ ಎರಡೂ ಕೈ ಮುಂದೆ ಚಾಚಿ ನಿಂತುಬಿಟ್ಟ, ಕೋಳ ಹಾಕಿಸಿಕೊಳ್ಳುವವನಂತೆ. ಬಂದವನು ಸೊಪ್ಪು ಕೊಡಲು ಕೈ ಚಾಚಿದನೆಂದು ತಿಳಿದ.

"ಪಲ್ಯ ಮಾಡಿ ಮನಿ ಮಂದೆಲ್ಲಾ ಉಂಡ್ವಿ. ರುಚಿ ಇತ್ತು, ಹುಳಿ ಮಾತ್ರ ಕಡಿಮಿ. ಇನ್ನೊಂದು ಕಟ್ಟು ಕೊಡ್ರಿ" ಎಂದ.

ಅವನು ಹೋದ ಮೇಲೆ ನೇಕಾರ ಹಿತ್ತಲ ಕಟ್ಟೆಯ ಮೇಲೆ ಕೂತು ನಕ್ಕ. ಎಂಟು ವರ್ಷದ ನಗು ಒಮ್ಮೆಗೇ ಬಂತು. ಅಬಕಾರಿಯವನ ಮೂಗಿಗೇ ಸಿಗಲಿಲ್ಲ, ಅವನ ಮನೆಮಂದಿಯೆಲ್ಲ ಹೊಟ್ಟೆ ತುಂಬ ತಿಂದರೂ ಏನೂ ಆಗಲಿಲ್ಲ. ಗೆದ್ದೆ ಎಂದುಕೊಂಡು, ಹೆಂಡತಿಗೆ ಹೇಳಲು ಒಳಗೆ ಓಡಿದ.

ಅವಳು ಗೋಡೆ ಹಿಡಿದು ಕೂತಿದ್ದಳು. ಸೆರಗಿನ ತುದಿ ಅವಳ ಹಲ್ಲುಗಳ ನಡುವೆ ಇತ್ತು. ಅವನನ್ನು ಕಂಡು ಗಡಿಬಿಡಿಯಿಂದ ಅದನ್ನು ಬಾಯಿಂದ ತೆಗೆದಳು. ನೇಕಾರ ಆ ಕಡಿದ ಎಳೆಗಳನ್ನು ನೋಡಿದ. ಇನ್ನೂ ಮೂಲೆಯಲ್ಲಿದ್ದ ಇಲಿಬೋನನ್ನು ನೋಡಿದ. ಆಗ ಅವನಿಗೆ ತಾನು ಈಗಷ್ಟೇ ನಕ್ಕಿದ್ದು ಯಾವುದಕ್ಕೆ ಎಂದು ಅರ್ಥವಾಯಿತು. ಆ ಮನೆಮಂದಿಗೆ ಏನೂ ಆಗದ ಸೊಪ್ಪಿನಿಂದ ಇವಳಿಗೆ ಏನು ಆಗಬೇಕಿತ್ತು?

"ನಿನಗ ಇದು ಯಾವಾಗ ತಿಳೀತು?" ಎಂದು ಕೇಳಿದ.

"ಭಾಳ ದಿನಾ ಆತು. ನೀವು ಮೊದ್ಲೇ ಅಂಜಿ ಅರ್ಧ ಆಗೀರಿ. ಬೇನಿ ಹೋಗಿಲ್ಲಂತ ಹೇಳಿದ್ರ ಇನ್ನ ಅರ್ಧನೂ ಉಳೀತಿದ್ದಿಲ್ಲ" ಎಂದಳು ಅವಳು.

ನೇಕಾರ ಹಳೆಯ ಬೀಜ ಹುಡುಕಿ ಹೊರಟ. ಅತ್ತೆ ತೀರಿಹೋಗಿದ್ದಳು, ಅವಳ ಹಿತ್ತಲಲ್ಲಿ ಯಾರೋ ಮನೆ ಕಟ್ಟಿದ್ದರು. ಗಿಡ ಇರಬಹುದು ಎನಿಸಿದ ಮೂರು ಮನೆಗಳ ಬಾಗಿಲಿಗೆ ಹೋದ. ಮೂರು ಕಡೆಯೂ ಭಂಗಿ ಎನ್ನುವ ಶಬ್ದ ಬಾಯಿಗೆ ಬರದೆ, ಕುಡಿಯಲು ನೀರು ಕೇಳಿ ವಾಪಸು ಬಂದ. ಕೊನೆಗೆ ಮಗ್ಗದ ಕುಣಿ ಅಗೆದ. ಹೆಂಡತಿಯನ್ನು ಹಾಡಿಸಿದ್ದ ಆ ಗಿಡವನ್ನು ಬೀಜ ಕಟ್ಟುವ ಮೊದಲೇ ಹೂತಿದ್ದನಲ್ಲ, ಅಲ್ಲಿ ಮಣ್ಣಲ್ಲದೆ ಏನು ಸಿಗಬೇಕು? ಕುಣಿಯಲ್ಲಿ ನಿಂತಾಗ ಒಳಮನೆಯಿಂದ ಒಂದು ಸದ್ದೂ ಬರಲಿಲ್ಲ. ಅವಳು ನರಳದೆ ಇರುವುದು ಎಂಥ ಭಯಂಕರ ಎಂದು ಅವನಿಗೆ ಅಂದು ತಿಳಿಯಿತು.

ಗುರುಗಳು ಕತೆ ನಿಲ್ಲಿಸಿದರು. ನೇಕಾರನಿಗೆ ಮದ್ದಿನ ಗಿಡ ಬೇಕಿತ್ತು, ಎಂಟು ವರ್ಷವೂ ಅಂಜಿಕೆಯನ್ನೇ ಆರಿಸಿ ಬಿತ್ತಿದನಲ್ಲ, ಪಾಪ, ಎಂದ ಅಡಿವೆಪ್ಪ.

ಗುರುಗಳು ಅವನ ಮುಖವನ್ನೇ ನೋಡುತ್ತ ಕೇಳಿದರು: "ಮೊನ್ನೆ ಸೋಮವಾರದ ಪ್ರವಚನದಿಂದ ನೀನು ಕಿತ್ತು ಹೂತ ಮಾತು ಯಾವುದು, ಅಡಿವೆಪ್ಪ?"