ಮರಳಿಗೆ ಕಿವಿಯಿಟ್ಟವಳು

"ಕೇಳಿರಪ್ಪೋ ಕೇಳಿ! ದೊರೆ ನನ್ನಿಯರಸರ ಮಗಳು ಜಕ್ಕಲದೇವಿಯವರು ಮೂರು ಒಗಟು ಕೇಳುತ್ತಾರೆ. ಬಿಡಿಸಿದವನಿಗೆ ರಾಜಕುಮಾರಿಯೊಡನೆ ಮದುವೆ, ಅರಮನೆಯ ಪುಸ್ತಕಭಂಡಾರದ ಬೀಗದಕೈ. ಒಂದು ತಪ್ಪಿದರೂ ಸುಗ್ಗಿ ಮುಗಿದ ಮೇಲೆ ತಲೆದಂಡ!"

ಡಂಗುರದವನು ಸಂತೆಯಲ್ಲಿ ಹೀಗೆ ಸಾರಿದಾಗ ಗಂಡಸರೆಲ್ಲ ಮದುವೆಯೆಂಬ ಮಾತಿಗೆ ಕಿವಿ ನಿಮಿರಿಸಿದರು. ಎತ್ತುಗಳ ಮೇಲೆ ಉಪ್ಪು ಹೇರಿಕೊಂಡು ಊರೂರು ತಿರುಗುವ ಕೇತನೊಬ್ಬ ಮಾತ್ರ ಬೀಗದಕೈ ಎಂದದ್ದಕ್ಕೆ ಎದ್ದು ನಿಂತ.

ಅದಕ್ಕೂ ಕಾರಣವುಂಟು. ತೀರಿಹೋದ ಹಿರಿಯ ರಾಣಿ, ಜಕ್ಕಲದೇವಿಯ ತಾಯಿ, ಒಂದು ಪದ್ಧತಿ ಇಟ್ಟಿದ್ದಳು. ಅಕ್ಷರ ಬಾರದವರಿಗೂ ಕತೆ ಸಿಗಲೆಂದು ಅರಮನೆಯ ಓಲೆಗರಿಯ ಕಟ್ಟುಗಳನ್ನು ದಾರಿಬದಿಯ ಛತ್ರಗಳಿಗೆ ಕಳಿಸಿ ಓದಿಸುತ್ತಿದ್ದಳು. ಎಂಥ ದೊಡ್ಡ ಮನಸ್ಸು ನೋಡಿ! ಗುಡ್ಡದ ಛತ್ರದಲ್ಲಿ ಓದುತ್ತಿದ್ದವಳು ಬಾಚಬ್ಬೆಯೆಂಬ ಮುದುಕಿ. ಕೇತ ಅಲ್ಲಿ ತಂಗಿದಾಗಲೆಲ್ಲ ಒಂದೇ ಪುಸ್ತಕ ಬೇಡುತ್ತಿದ್ದ. ದಿಕ್ಕು ಬದಲಿಸಿ ಹೊರಟುಹೋದ ಹೊಳೆಯನ್ನು ಹುಡುಕುತ್ತ, ದೋಣಿಯನ್ನು ತಲೆಮೇಲೆ ಹೊತ್ತು ನಡೆದ ಅಂಬಿಗರ ನಾಗವ್ವೆಯ ಕತೆ ಅದು. ನಡೆದು ನಡೆದು ನಾಗವ್ವೆ ಒಣ ಮರಳ ಮೇಲೆ ದೋಣಿ ಇಳಿಸಿ, ಮರಳಿಗೆ ಕಿವಿಯಿಡುತ್ತಾಳೆ. ಕಟ್ಟು ಅಲ್ಲಿಗೆ ಮುಗಿಯುತ್ತಿತ್ತು. "ಮುಂದಿನ ಕಟ್ಟು ಅರಮನೆಯಲ್ಲಿದೆ ಕಣೋ ಮಗಾ," ಎನ್ನುತ್ತಿದ್ದಳು ಬಾಚಬ್ಬೆ. ಆಮೇಲೆ ಅವಳೂ ತೀರಿಕೊಂಡಳು. ಒಂದು ಬೇಸಗೆ ಛತ್ರಕ್ಕೆ ಬೆಂಕಿ ಬಿದ್ದು ಆ ಕಟ್ಟೂ ಸುಟ್ಟುಹೋಯಿತು.

"ಲೋ, ಕತೆಯ ಕೊನೆ ಕೇಳೋಕೆ ತಲೆ ಕೊಡ್ತೀಯಾ? ತಲೆ ಕೆಟ್ಟಿದೆಯೇನೋ ನಿನಗೆ?" ಎಂದು ಸಂಗಡಿಗರು ಗದರಿದರು.

"ಕೆಟ್ಟು ಬಹಳ ಕಾಲವಾಯಿತು," ಎಂದು ಕೇತ ಎತ್ತುಗಳನ್ನು ಅವರಿಗೊಪ್ಪಿಸಿ ಹೊರಟ.

ಸಭೆ ಕಿಕ್ಕಿರಿದಿತ್ತು. ಜಕ್ಕಲದೇವಿ ಮೂರರಲ್ಲಿ ತನಗೆ ತೋಚಿದ ಒಗಟನ್ನು ಮೊದಲು ಕೇಳುತ್ತಿದ್ದಳು. ಪಕ್ಕದ ಸೀಮೆಯ ದೊರೆಮಗ ಗೊಗ್ಗಿರಾಯ ಮೀಸೆ ತೀಡುತ್ತ ಮುಂದೆ ಬಂದ.

"ಕೂತಲ್ಲೇ ಕೂತು ನಾನು ಕಾಡು ದಾಟಿದೆ, ಗುರುತಿಲ್ಲದವರಿಗಾಗಿ ಅತ್ತೆ. ಎದ್ದು ನೋಡಿದರೆ ಕಾಲಿಗೆ ಧೂಳಿಲ್ಲ, ಕಣ್ಣು ಮಾತ್ರ ಒದ್ದೆ. ನನ್ನನ್ನು ಕರೆದೊಯ್ದದ್ದು ಯಾವುದು?" ಎಂದು ದೇವಿ ಕೇಳಿದಳು.

"ಕನಸು. ಇಷ್ಟೇನೇ?"

"ಹೋದ ಜಾಗಕ್ಕೇ ನಾಳೆಯೂ ಕರೆದುಕೊಂಡು ಹೋಗು ಎಂದರೆ ಕನಸು ಕೇಳುತ್ತದೆಯೇ, ರಾಯರೇ?" ಎಂದಳು ದೇವಿ. ಗೊಗ್ಗಿರಾಯನನ್ನು ಸೆರೆಗೆ ಒಯ್ದರು.

ಮುಂದಿನವರು ದೇವಪಾರ್ಯರು, ಹೆಸರಾಂತ ಪಂಡಿತರು. ದೇವಿ ಅವರಿಗೆ ಬೇರೆ ಒಗಟು ಕೇಳಿದಳು: "ಉಸಿರಾಡುವ ವಸ್ತುವೊಂದಿದೆ. ಗೀರಿದಾಗ ಗೀರು ಕಾಣದು, ಕಪ್ಪು ಬಳಿದಾಗ ಕಾಣುತ್ತದೆ. ಯಾವುದದು?"

ಪಂಡಿತರು ನಕ್ಕೇಬಿಟ್ಟರು. "ಓಲೆಗರಿಯಲ್ಲವೇ? ಕಬ್ಬಿಣದ ಮೊನೆಯ ಕಂಟದಿಂದ ಕೊರೆದ ಅಕ್ಷರ ಮಸಿ ತೀಡಿದ ಮೇಲೆಯೇ ಕಾಣುವುದು. ನಾನು ಹುಟ್ಟಿದಾಗಿನಿಂದ ಮಾಡುತ್ತಿರುವ ಕೆಲಸ."

"ಓಲೆ ಉಸಿರಾಡುತ್ತದೆಯೇ, ಆರ್ಯರೇ?"

ಪಂಡಿತರೂ ಸೆರೆಮನೆ ಸೇರಿದರು. ಅದನ್ನು ಕಂಡು ಸಾಲಿನಲ್ಲಿದ್ದ ಎಷ್ಟೋ ಮಂದಿ ಮೆಲ್ಲಗೆ ಜಾಗ ಖಾಲಿ ಮಾಡಿದರು. ಕೇತ ಮಾತ್ರ ಮುಂದೆ ಬಂದ. ದೇವಿ ಅವನಿಗೆ ಮೊದಲ ಒಗಟನ್ನು ಮತ್ತೆ ಹೇಳಿದಳು.

"ಪುಸ್ತಕ, ಅಮ್ಮಣ್ಣಿಯವರೇ. ನನಗೆ ಓದಲು ಬಾರದು, ಕೇಳಿಯೇ ಹೋಗಿ ಬಂದೆ. ಬೇಕೆಂದಾಗಲೆಲ್ಲ ಕರೆದೊಯ್ದಿತು."

ದೇವಿ ತಲೆದೂಗಿ ಎರಡನೆಯದನ್ನು ಕೇಳಿದಳು.

"ಪುಸ್ತಕ ಕೇಳಿದ ಜೀವ," ಎಂದ ಕೇತ. "ಛತ್ರದಲ್ಲಿ ಕೇಳಿದಾಗ ಚೆನ್ನಾಗಿದೆ ಅಂದುಕೊಂಡು ಎದ್ದುಹೋಗುತ್ತಿದ್ದೆ. ಗೀರು ಬಿದ್ದದ್ದೇ ಗೊತ್ತಾಗಲಿಲ್ಲ. ನಮ್ಮವ್ವ ಸತ್ತಾಗ ಒಲೆ ಹಚ್ಚದೆ, ಎತ್ತು ಕಟ್ಟದೆ ಕೂತುಬಿಟ್ಟೆ. ಆ ದುಃಖ ಕಪ್ಪು ಬಳಿದ ಮೇಲೆ ಒಂದೊಂದು ಅಕ್ಷರವೂ ಎದ್ದು ಕಂಡಿತು. ಹೊಳೆಯನ್ನೇ ಕಳಕೊಂಡ ದೋಣಿಯವಳು ಎದ್ದು ನಡೆದಳಲ್ಲ ಅಂತ ನಾನೂ ಎದ್ದೆ."

ದೋಣಿಯವಳು ಎಂದದ್ದೇ ತಡ, ದೇವಿ ಪೀಠದಿಂದ ಎದ್ದುಬಿಟ್ಟಳು. ನಿಂತೇ ಮೂರನೆಯ ಒಗಟು ಕೇಳಿದಳು.

"ಬೆಂಕಿ ಅದನ್ನು ಇಡಿಯಾಗಿ ಸುಟ್ಟಿತು, ಬೂದಿಯನ್ನು ಗಾಳಿ ಒಯ್ದಿತು. ಆದರೂ ಅದು ಎಲ್ಲೋ ಇದೆ ಅಂದಳು ನನ್ನ ತಾಯಿ, ಸಾಯುವಾಗ. ಎಲ್ಲಿದೆ?"

"ನನ್ನಲ್ಲಿದೆ," ಎಂದ ಕೇತ.

"ಹಾಗೆಂದು ಯಾರು ಬೇಕಾದರೂ ಹೇಳಬಹುದು. ತೋರಿಸು, ಇಲ್ಲವೇ ತಲೆ ಕೊಡು," ಎಂದು ದೊರೆ ಗುಡುಗಿದ.

ಕೇತ ಕಣ್ಣು ಮುಚ್ಚಿ ಬಾಚಬ್ಬೆಯ ದನಿ ನೆನೆದು ಶುರುಮಾಡಿದ. ಹೊಳೆ ಹೊರಟುಹೋದದ್ದು, ನಾಗವ್ವೆ ದೋಣಿ ಹೊತ್ತದ್ದು, ಕಂಡವರೆಲ್ಲ ನಕ್ಕದ್ದು, ಒಂದನ್ನೂ ಬಿಡಲಿಲ್ಲ. ನಾಗವ್ವೆ ಮರಳಿಗೆ ಕಿವಿಯಿಡುವ ಹೊತ್ತಿಗೆ ಸಭೆಯಲ್ಲಿ ದೀಪ ಹಚ್ಚಿದ್ದರು, ಗುಡುಗಿದ ದೊರೆಯೇ ಕಣ್ಣೊರೆಸಿಕೊಳ್ಳುತ್ತಿದ್ದ.

"ನನ್ನ ತಾಯಿಗೆ ಪ್ರಾಣದಂಥ ಪುಸ್ತಕ ಇದು," ಎಂದಳು ದೇವಿ. "ಮೊದಲ ಕಟ್ಟು ಸುಟ್ಟಿತು. ಎರಡನೆಯದು ನನ್ನಲ್ಲಿದೆ. ಮೊದಲ ಭಾಗ ತಿಳಿಯದೆ ಅದನ್ನು ಬಿಚ್ಚಲು ಮನಸ್ಸಾಗಲಿಲ್ಲ. ಯಾರಲ್ಲಾದರೂ ಉಳಿದೀತೆಂದು ಈ ಒಗಟು ಒಡ್ಡಿದೆ, ತಲೆದಂಡ ಸೇರಿಸಿದ್ದು ಅಪ್ಪಾಜಿ. ಇನ್ನು ನಿನಗೇನು ಬೇಕೋ ಕೇಳು."

"ಸೆರೆಯಲ್ಲಿರುವವರ ತಲೆ ಉಳಿಯಲಿ. ಮದುವೆ ನಿಮ್ಮ ಮನಸ್ಸಿಗೆ ಬಿಟ್ಟದ್ದು. ಮೊದಲು ಆ ಕಟ್ಟು ಬಿಚ್ಚಿ, ಅಮ್ಮಣ್ಣಿಯವರೇ."

"ನನ್ನ ಮನಸ್ಸು ಆಗಲೇ ಒಪ್ಪಿದೆ," ಎಂದು ಅವಳು ಬೀಗದಕೈಯನ್ನು ಅವನ ಅಂಗೈಯಲ್ಲಿಟ್ಟಳು. ದೊರೆ ಸೆರೆಯವರನ್ನು ಬಿಡಿಸಲು ಆಳು ಕಳಿಸಿದ. ಕೇತನೇ ಭಂಡಾರದ ಬಾಗಿಲು ತೆರೆದ. ದೇವಿ ಕಟ್ಟು ತಂದು ಅವನೆದುರು ನೆಲದ ಮೇಲೆಯೇ ಕೂತು, ಮೊದಲ ಗರಿಯನ್ನು ದೀಪಕ್ಕೆ ಹಿಡಿದಳು.

"ಮರಳಿನ ಆಳದಲ್ಲಿ ಹೊಳೆ ಹರಿಯುತ್ತಲೇ ಇತ್ತು," ಎಂದು ಓದಿದಳು.

ಕೇತ ಅಷ್ಟು ವರ್ಷ ತಾನೇ ಹೊತ್ತು ತಿರುಗಿದ್ದ ದೋಣಿಯನ್ನು ಇಳಿಸಿದವನ ಹಾಗೆ ಗೋಡೆಗೊರಗಿ ಕೂತು, ಮುಂದೆ ಓದಿ ಎಂದು ಕೈಸನ್ನೆ ಮಾಡಿದ.