ಹೋಗು ಎಂದವನು

"ಗುರುಗಳೇ, ಒಬ್ಬನ ಮನಸ್ಸನ್ನು ಅವನಿಗೇ ತಿಳಿಯದ ಹಾಗೆ ತಿರುಗಿಸುವುದು ಹೇಗೆ?" ಎಂದು ನಂಜಯ್ಯ ಕೇಳಿದ.

ಗುರುಗಳು ಮಠದ ಅಂಗಳದಲ್ಲಿ ನೆಲ್ಲಿಕಾಯಿ ಹರವುತ್ತಿದ್ದರು. "ಯಾರ ಮನಸ್ಸು?" ಎಂದರು.

"ಸೋಮಲಿಂಗನದು. ವೈದ್ಯ ಕಲಿಯಲು ಬೇರೆ ಮಠಕ್ಕೆ ಹೋಗುತ್ತೇನೆ ಎನ್ನುತ್ತಿದ್ದಾನೆ. ಇಲ್ಲಿ ಅವನ ವ್ಯಾಕರಣ ಅರ್ಧಕ್ಕೆ ನಿಂತಿದೆ. ಬೇಡವೆಂದರೆ ಹಟ ಹೆಚ್ಚಾಗುತ್ತದೆ. ಹೋಗುವುದು ಬೇಡ ಎಂದು ಅವನಿಗೇ ಅನ್ನಿಸಬೇಕು. ಅವನ ಒಳ್ಳೆಯದಕ್ಕೇ ಕೇಳುತ್ತಿದ್ದೇನೆ."

ನಂಜಯ್ಯ, ಸೋಮಲಿಂಗ ಇಬ್ಬರೂ ಒಂದೇ ವರ್ಷ ಮಠಕ್ಕೆ ಬಂದವರು, ಒಂದೇ ಕೋಣೆಯಲ್ಲಿ ಮಲಗುವವರು. ಆ ವಯಸ್ಸಿನವರು ಮಠದಲ್ಲಿ ಬೇರೆ ಯಾರೂ ಇರಲಿಲ್ಲ.

"ಹಾಗೆ ತಿರುಗಿಸಬಲ್ಲವನು ಒಬ್ಬನಿದ್ದ. ಅವನ ಕತೆ ಹೇಳುತ್ತೇನೆ, ಕೂತುಕೋ" ಎಂದರು ಗುರುಗಳು.

ಹೊಳೆಯ ದಂಡೆಯ ಒಂದು ಪೇಟೆಯಲ್ಲಿ ಒಬ್ಬ ಜವಳಿ ವ್ಯಾಪಾರಿ ಇದ್ದ. ಸೀರೆ ಪಂಚೆ ಕೊಳ್ಳಲು ಬರುವವರಿಗಿಂತ ಜಗಳ ಬಿಡಿಸಿಕೊಳ್ಳಲು ಅವನ ಅಂಗಡಿಗೆ ಬರುವವರೇ ಹೆಚ್ಚು. ಮುನಿಸಿಕೊಂಡ ಬೀಗರು, ಮಾತು ಬಿಟ್ಟ ಅಣ್ಣತಮ್ಮಂದಿರು, ಗಂಡನ ಮನೆಗೆ ಹೋಗಲೊಲ್ಲದ ಮಗಳ ಕೈ ಹಿಡಿದುಕೊಂಡು ಬಂದ ತಂದೆ, ಎಲ್ಲರೂ ಅವನ ಜಮಖಾನದ ಮೇಲೆ ಕೂತು ಎದ್ದುಹೋದವರೇ. ಅವನು ಯಾರಿಗೂ ಬುದ್ಧಿ ಹೇಳುತ್ತಿರಲಿಲ್ಲ. ಯಾರ ಮೇಲೂ ದನಿ ಏರಿಸುತ್ತಿರಲಿಲ್ಲ. ಕೇಳುತ್ತಿದ್ದ, ತಲೆಯಾಡಿಸುತ್ತಿದ್ದ, ನಡುವೆ ಒಂದು ಪ್ರಶ್ನೆ ಹಾಕಿ ಸುಮ್ಮನಾಗುತ್ತಿದ್ದ. ಬಂದವರು ಏಳುವ ಹೊತ್ತಿಗೆ, ಅವನು ಮನಸ್ಸಿನಲ್ಲಿ ಇಟ್ಟುಕೊಂಡದ್ದನ್ನೇ ತಮ್ಮ ಬಾಯಲ್ಲಿ ಆಡಿ ಏಳುತ್ತಿದ್ದರು.

ಒಮ್ಮೆ ಒಬ್ಬ ರೈತ ತಮ್ಮನ ಮೇಲೆ ಕೆಂಡ ಕಾರುತ್ತ ಬಂದ. ಇಬ್ಬರಿಗೂ ಸೇರಿದ ಬಾವಿಯ ದಾರಿಗೆ ತಮ್ಮ ಮುಳ್ಳು ಹಾಕಿದ್ದ. ವ್ಯಾಪಾರಿ ಬಾವಿಯ ಮಾತೇ ಎತ್ತಲಿಲ್ಲ.

"ಒಳ್ಳೆಯ ವೇಳೆಗೆ ಬಂದೆ. ಆಚೆ ಊರಿನ ನ್ಯಾಯವೊಂದು ನನ್ನ ಕೊರಳಿಗೆ ಬಿದ್ದಿದೆ. ಅಲ್ಲಿಯೂ ತಮ್ಮ ಅಣ್ಣನ ದಾರಿಗೆ ಅಡ್ಡ ಬಂದಿದ್ದಾನೆ. ತಮ್ಮನದು ಹುಡುಗುಬುದ್ಧಿ, ಅಣ್ಣ ನಿನ್ನ ಹಾಗೆ ತೂಕದ ಮನುಷ್ಯ. ಆ ಅಣ್ಣನಿಗೆ ನಾನು ಏನು ಹೇಳಲಿ?" ಎಂದ.

ರೈತ ಬಹಳ ಹೊತ್ತು ಯೋಚಿಸಿದ. "ಅಣ್ಣನಾದವನು ತಮ್ಮನ ಮನೆಗೆ ಹೋಗಿ ಒಂದು ತಂಬಿಗೆ ನೀರು ಕೇಳಿ ಕುಡಿಯಲಿ. ಅಡ್ಡ ತಾನಾಗಿ ಸರಿಯುತ್ತದೆ" ಎಂದ.

"ನನಗೆ ಇದು ಹೊಳೆದೇ ಇರಲಿಲ್ಲ ನೋಡು" ಎಂದ ವ್ಯಾಪಾರಿ.

ಮರುದಿನ ರೈತ ತಮ್ಮನ ಮನೆಗೆ ಹೋಗಿ ನೀರು ಕೇಳಿದ. ಸಂಜೆಯೊಳಗೆ ದಾರಿಯ ಮುಳ್ಳು ತೆರವಾಯಿತು. ಆಚೆ ಊರಿನ ನ್ಯಾಯವೆಂಬುದು ಇರಲೇ ಇಲ್ಲ. ಮನುಷ್ಯ ಬೇರೆಯವರ ಮಾತನ್ನು ಮೀರಬಲ್ಲ, ತಾನೇ ಆಡಿದ ಮಾತನ್ನು ಮೀರಲಾರ. ವ್ಯಾಪಾರಿ ಇದನ್ನು ಕಂಡುಕೊಂಡಿದ್ದ. ಇದರಿಂದ ಯಾರಿಗೂ ಕೆಡುಕಾಗಿರಲಿಲ್ಲ. ಒಡೆದ ಮನೆಗಳು ಕೂಡಿದ್ದವು. ಹಾಗಾಗಿ ಈ ವಿದ್ಯೆಯಲ್ಲಿ ತಪ್ಪಿದೆ ಎಂದು ಅವನಿಗೆ ಯಾವತ್ತೂ ಅನ್ನಿಸಿರಲಿಲ್ಲ.

ಅವನಿಗೆ ಒಂದು ಅಳುಕಿತ್ತು. ಅದು ಯಾರಿಗೂ ಗೊತ್ತಿರಲಿಲ್ಲ. ಖಾಲಿ ಮನೆಯಲ್ಲಿ ಅವನಿಂದ ಇರಲಾಗುತ್ತಿರಲಿಲ್ಲ. ಹಗಲೆಲ್ಲ ಜನರ ನಡುವೆ ಕಳೆದು ಮನೆಗೆ ಬಂದಾಗ ಒಳಗೆ ದೀಪವಿರಬೇಕು, ಪಾತ್ರೆಯ ಸದ್ದಿರಬೇಕು. ಮಕ್ಕಳಿರಲಿಲ್ಲ. ಇದ್ದವಳು ಹೆಂಡತಿ ಒಬ್ಬಳೇ. ಅವಳು ತಂಗಿಯ ಬಾಣಂತನಕ್ಕೆಂದು ಹೋಗಿದ್ದಾಗ, ಕಳ್ಳರ ಕಾಟವೆಂದು ನೆಪ ಹೇಳಿ ಅಂಗಡಿಯಲ್ಲೇ ಮಲಗಿದ್ದ. ಬಟ್ಟೆಯ ಗಂಟುಗಳ ನಡುವೆ ಕಣ್ಣು ಬಿಟ್ಟುಕೊಂಡು ಬೆಳಗು ಮಾಡಿದ್ದ. ಅವಳು ಮರಳಿದ ಮೇಲೂ ಹೇಳಲಿಲ್ಲ. ಊರಿಗೆಲ್ಲ ಬದುಕುವ ದಾರಿ ತೋರಿಸುವವನು, ಒಬ್ಬನೇ ಇರಲು ನನಗೆ ಭಯ ಎಂದು ಹೆಂಡತಿಯ ಮುಂದೆ ಹೇಗೆ ಹೇಳುವುದು?

ಒಂದು ಮಳೆಗಾಲ, ಹೊಳೆಯಾಚೆಯಿಂದ ಬಂದ ಕುಂಬಾರನೊಬ್ಬ ಹೆಂಡತಿಗೆ ತವರಿನ ಸುದ್ದಿ ತಂದ. "ನಿಮ್ಮ ತಾಯಿ ಹಾಸಿಗೆ ಹಿಡಿದಿದ್ದಾರಮ್ಮ. ನಿಮ್ಮ ಹೆಸರು ಹಿಡಿದು ಕರೆಯುತ್ತಾರೆ" ಎಂದ.

ಹೆಂಡತಿ ಆಗಲೇ ಗಂಟು ಕಟ್ಟಿದಳು. ತಾಯಿಗೆ ಹಲ್ಲಿರಲಿಲ್ಲ. ಅವಲಕ್ಕಿ ಹುರಿದು, ಕುಟ್ಟಿ ಪುಡಿ ಮಾಡಿ, ಬೆಲ್ಲ ಬೆರೆಸಿಟ್ಟಳು. ಹಳೆಯ ಮೆತ್ತನೆಯ ಸೀರೆಯೊಂದನ್ನು ತಾಯಿಗೆ ಹೊದಿಸಲೆಂದು ಮಡಿಸಿಟ್ಟಳು. ಹೊಳೆ ಏರಿತ್ತು, ಆದರೆ ಹರಿಗೋಲು ನಿಂತಿರಲಿಲ್ಲ.

ವ್ಯಾಪಾರಿ ಮನೆಗೆ ಬಂದು ಗಂಟು ನೋಡಿದ. ಇವಳು ಹೋದರೆ ಮನೆ ಖಾಲಿ. ಎಷ್ಟು ದಿನವೋ, ತಿಂಗಳೋ ಯಾರು ಬಲ್ಲರು? ಆದರೆ ಅವನ ಬಾಯಿಂದ ಬಂದ ಮಾತು ಬೇರೆ.

"ಹೋಗು. ಹೋಗಲೇಬೇಕು. ಅಂಬಿಗನಿಗೆ ನಾನೇ ಹೇಳಿ ಬರುತ್ತೇನೆ" ಎಂದ.

ಅವಳಿಗೆ ಹಾಯೆನಿಸಿತು. ಎದುರಿಗೆ ಕೂತಳು. ಅವನು ಕೈಕಾಲು ತೊಳೆದು ಬಂದು, ಮೆಲ್ಲಗೆ ಕೇಳಿದ. "ಈ ನೀರಲ್ಲಿ ದಾಟಿ ಬಂದೆ ಎಂದು ತಿಳಿದರೆ ನಿಮ್ಮಮ್ಮ ಏನನ್ನುತ್ತಾರೆ?"

"ಬೈಯುತ್ತಾಳೆ. ಮಳೆಗಾಲದಲ್ಲಿ ನಮ್ಮನ್ನು ಹೊಳೆಯ ಹತ್ತಿರ ಬಿಟ್ಟವಳೇ ಅಲ್ಲ" ಎಂದಳು ಅವಳು.

ಅವನು ಸುಮ್ಮನಿದ್ದ. ಸ್ವಲ್ಪ ಹೊತ್ತಿನ ಮೇಲೆ, "ನಿನ್ನ ಅತ್ತಿಗೆ ಚೆನ್ನಾಗಿಯೇ ನೋಡಿಕೊಳ್ಳುತ್ತಾಳಲ್ಲವೆ?" ಎಂದ.

"ಅತ್ತಿಗೆಯ ಬಗ್ಗೆ ಒಂದು ಮಾತು ಹೇಳುವ ಹಾಗಿಲ್ಲ. ನಾನು ಹೀಗೆ ಎದ್ದುಬಿದ್ದು ಓಡಿದರೆ, ತನ್ನ ಮೇಲೆ ನಂಬಿಕೆ ಇಲ್ಲವೇನೋ ಎಂದು ಅವಳಿಗೆ ನೋವಾದೀತು" ಎಂದಳು.

ಅವನು ಮತ್ತೆ ಸುಮ್ಮನಾದ. ಸುಮ್ಮನಿರುವುದೇ ಅವನ ವಿದ್ಯೆಯ ಮುಖ್ಯ ಭಾಗ. ಅವಳು ಗಂಟನ್ನು ನೋಡಿದಳು, ಬಾಗಿಲಾಚೆಯ ಮಳೆಯನ್ನು ನೋಡಿದಳು. ಕೊನೆಗೆ ಅವಳೇ ಅಂದಳು. "ನೀರು ಇಳಿಯಲಿ. ಆಮೇಲೆ ಹೋಗಿ ನಾಲ್ಕು ದಿನ ಹೆಚ್ಚಿಗೆಯೇ ಇದ್ದು ಬರುತ್ತೇನೆ. ಅಮ್ಮನಿಗೆ ಅರ್ಥವಾಗುತ್ತದೆ."

"ಇನ್ನೊಮ್ಮೆ ಯೋಚಿಸು. ನಾಳೆ ನಾನು ತಡೆದೆ ಎನ್ನಬೇಡ" ಎಂದ ವ್ಯಾಪಾರಿ.

"ನೀವೆಲ್ಲಿ ತಡೆದಿರಿ? ಹೋಗು ಎಂದವರು ನೀವು. ಇದು ನನ್ನದೇ ತೀರ್ಮಾನ" ಎಂದು ಅವಳು ಗಂಟು ಬಿಚ್ಚಿದಳು. ಅವಲಕ್ಕಿ ಪುಡಿ ಕೆಡುತ್ತದೆಂದು ಹಾಲು ಹಾಕಿ ಅವನಿಗೇ ಕೊಟ್ಟಳು. ಅವನು ನೆಮ್ಮದಿಯಿಂದ ತಿಂದ.

ನೀರು ಇಳಿಯುವ ಮೊದಲೇ ತಾಯಿ ತೀರಿಕೊಂಡಳು. ಸುದ್ದಿ ಬಂದಾಗ ಹೆಂಡತಿ ಏರಿದ ಹೊಳೆಯಲ್ಲೇ ದಾಟಿ ಹೋದಳು. ಅವನೂ ಜೊತೆಗೆ ಹೋದ. ಹರಿಗೋಲು ಒಮ್ಮೆಯೂ ವಾಲಲಿಲ್ಲ. ಇವರು ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು.

ಅತ್ತಿಗೆ ಕೆಟ್ಟವಳಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ಕದ ಸದ್ದಾದಾಗಲೆಲ್ಲ, ಬಂದಳೇ ಎಂದು ಕೇಳುತ್ತಿದ್ದರು. ಹೊರಳಿಸಿ ಮಲಗಿಸಿದರೂ ಮತ್ತೆ ಬಾಗಿಲ ಕಡೆಗೇ ಮುಖ ಮಾಡುತ್ತಿದ್ದರು."

ಹೆಂಡತಿ ಅಲ್ಲಿ ಅಳಲಿಲ್ಲ. ಮನೆಗೆ ಬಂದ ಮೇಲೂ ಅಳಲಿಲ್ಲ. ಮಾತಾಡಿಸಲು ಬಂದ ಹೆಂಗಸರಿಗೆಲ್ಲ ಒಂದೇ ಮಾತು ಹೇಳಿದಳು. "ನನ್ನ ಗಂಡ ಹೋಗು ಎಂದರು. ಇನ್ನೊಮ್ಮೆ ಯೋಚಿಸು ಎಂದರು. ಒಲ್ಲೆ ಎಂದವಳು ನಾನು." ವ್ಯಾಪಾರಿ ಒಳಗೆ ಕೂತು ಇದನ್ನು ಕೇಳಿಸಿಕೊಂಡ. ಹೆಂಗಸರು ಹೊರಡುವಾಗ ಅವನನ್ನು ಹೊಗಳಿ ಹೊರಟರು. ಅವನಿಗೆ ಅನ್ನ ಇಳಿಯಲಿಲ್ಲ.

ದಿನ ಕಳೆದ ಹಾಗೆ ಅವಳ ಮಾತು ಕಡಿಮೆಯಾಯಿತು. ಕೆಲಸವೆಲ್ಲ ಮೊದಲಿನಂತೆಯೇ ಮಾಡುತ್ತಿದ್ದಳು. ದೀಪ ಹೊತ್ತಿಗೆ ಸರಿಯಾಗಿ ಹಚ್ಚುತ್ತಿದ್ದಳು. ಆದರೆ ಬಡಿಸುವಾಗ ಅವಳ ಕೈ ನಡುವೆ ನಿಂತುಬಿಡುತ್ತಿತ್ತು. ಎಲ್ಲಿಯೋ ಕದ ಸದ್ದಾದರೆ ಬೆಚ್ಚುತ್ತಿದ್ದಳು. ಅವನು ತನಗೆ ಗೊತ್ತಿದ್ದ ದಾರಿಯಲ್ಲೇ ಸಮಾಧಾನ ಮಾಡಲು ನೋಡಿದ. ತಾಯಿಯನ್ನು ಕೊನೆಗೆ ನೋಡಲಾಗದೆ ಹೋದ ಒಬ್ಬಾಕೆಯನ್ನು ಮನೆಗೆ ಕರೆಸಿ, ಹೆಂಡತಿಯಿಂದಲೇ ಅವಳಿಗೆ ಬುದ್ಧಿ ಹೇಳಿಸುವ ಉಪಾಯ ಹೂಡಿದ. ಹೆಂಡತಿ ಆಕೆಯ ಕೈ ಹಿಡಿದು, "ನಿನಗೆ ಸುದ್ದಿ ಮುಟ್ಟಿರಲಿಲ್ಲ. ನನಗೆ ಮುಟ್ಟಿತ್ತು" ಎಂದಳು. ಅಷ್ಟೇ.

ಒಂದು ಮಧ್ಯಾಹ್ನ ಅವಳು ಅಕ್ಕಿ ಆರಿಸುತ್ತ ಕೂತಿದ್ದಳು. ವ್ಯಾಪಾರಿ ಅಂಗಡಿ ಮುಚ್ಚಿ ಬಂದು ಅವಳ ಮುಂದೆ ನೆಲದ ಮೇಲೆ ಕೂತ. ವಿದ್ಯೆಯನ್ನೆಲ್ಲ ಬಿಟ್ಟು, ಇದ್ದದ್ದನ್ನು ಹೇಳಿದ.

"ಆ ತೀರ್ಮಾನ ನಿನ್ನದಲ್ಲ, ನನ್ನದು. ನಿನ್ನ ಬಾಯಲ್ಲಿ ಅದನ್ನು ಆಡಿಸಿದವನು ನಾನು. ಹೊಳೆಯ ಮಾತು, ಅತ್ತಿಗೆಯ ಮಾತು, ಎಲ್ಲ ನಾನು ಬೇಕೆಂದೇ ಎತ್ತಿದ್ದು. ನೀನು ಹೋದರೆ ಈ ಮನೆಯಲ್ಲಿ ಒಬ್ಬನೇ ಇರಬೇಕಲ್ಲ ಎಂದು ಹೆದರಿದ್ದೆ. ತಪ್ಪು ನನ್ನದು. ನಿನ್ನದು ಏನೂ ಇಲ್ಲ."

ಅವಳು ಮೊರ ಕೆಳಗಿಟ್ಟಳು. ಅವನ ಮುಖವನ್ನು ತುಂಬ ಹೊತ್ತು ನೋಡಿದಳು. ತಾಯಿ ಹೋದಮೇಲೆ ಮೊದಲ ಸಲ ಅವಳ ಮುಖ ಸಡಿಲವಾಯಿತು. ಕಣ್ಣಲ್ಲಿ ನೀರು ಬಂತು. ವ್ಯಾಪಾರಿಗೆ ಜೀವ ಬಂದಂತಾಯಿತು.

"ಎಷ್ಟು ಒಳ್ಳೆಯವರು ನೀವು" ಎಂದಳು ಅವಳು. "ನನ್ನ ಹೊರೆ ಇಳಿಸಲು ನಿಮ್ಮ ತಲೆಯ ಮೇಲೆ ಹೊತ್ತುಕೊಳ್ಳುತ್ತೀರಿ. ಊರವರಿಗೆಲ್ಲ ಹೀಗೆ ಏನೋ ಒಂದು ಕಟ್ಟಿ ಹೇಳಿಯೇ ಅಲ್ಲವೆ ನೀವು ಸಮಾಧಾನ ಮಾಡುವುದು? ನನಗೆ ಗೊತ್ತು. ನಿಮಗೆಲ್ಲಿಯ ಭಯ?"

"ಇದು ಕಟ್ಟಿದ್ದಲ್ಲ, ಕಣೇ. ನಿಜ" ಎಂದ ಅವನು. ಎದ್ದು ದೇವರ ಮುಂದಿನ ದೀಪ ಮುಟ್ಟಿ ಆಣೆ ಮಾಡಿದ. ಅವನು ಆಣೆ ಮಾಡಿದಷ್ಟೂ ಅವಳ ನಂಬಿಕೆ ಗಟ್ಟಿಯಾಯಿತು. ನನಗಾಗಿ ಸುಳ್ಳು ಆಣೆಗೂ ಇಳಿದರಲ್ಲ ಎಂದು ಅವಳು ಅವನ ಕೈಯನ್ನು ದೀಪದಿಂದ ಬಿಡಿಸಿ ತನ್ನ ಕೈಯಲ್ಲಿ ಹಿಡಿದುಕೊಂಡಳು.

ಅವನಿಗೆ ಬಾವಿಯ ರೈತನ ನೆನಪಾಯಿತು. ಹುಡುಕಿಕೊಂಡು ಹೋಗಿ ಕರೆತಂದ. "ನೀನು ತಮ್ಮನ ಮನೆಗೆ ನೀರು ಕೇಳಲು ಹೋದೆಯಲ್ಲ, ಆ ಮಾತನ್ನು ನಿನ್ನ ಬಾಯಿಂದ ಬರಿಸಿದವನು ನಾನು. ನಾನು ಹೇಗೆ ಮಾಡುತ್ತೇನೆಂದು ಇವಳಿಗೆ ಹೇಳು" ಎಂದ.

ರೈತನ ಮುಖ ಕೆಂಪಾಯಿತು. "ಯಾರು ಬರಿಸಿದ್ದು? ನನಗೆ ಹೊಳೆದ ಮಾತು ಅದು. ನಿಮಗೆ ಹೊಳೆದೇ ಇರಲಿಲ್ಲ ಎಂದು ಅವತ್ತು ನೀವೇ ಅನ್ನಲಿಲ್ಲವೆ?" ಎಂದು ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದ.

ಆಮೇಲೆ ವ್ಯಾಪಾರಿ ಆ ಮಾತು ಎತ್ತಲಿಲ್ಲ. ಅಂಗಡಿಗೆ ಜಗಳ ತಂದವರಿಗೆ, "ನನಗೆ ತಿಳಿಯದಪ್ಪ, ನೀವೇ ಕೂತು ಮಾತಾಡಿಕೊಳ್ಳಿ" ಎನ್ನುತ್ತಿದ್ದ. ದೊಡ್ಡವರು ವಯಸ್ಸಾದಂತೆ ಬಾಗುತ್ತಾರೆ ಎಂದು ಜನ ಅದನ್ನೂ ಅವನ ಗುಣಕ್ಕೇ ಸೇರಿಸಿದರು. ಮನೆಯಲ್ಲಿ ಇಬ್ಬರಿದ್ದರು. ಅವಳು ತನ್ನದಲ್ಲದ ತಪ್ಪನ್ನು ಹೊತ್ತು ಓಡಾಡುತ್ತಿದ್ದಳು. ಅವನು ತನ್ನದನ್ನು ಕೇಳಿದರೂ ಅವಳು ಕೊಡುತ್ತಿರಲಿಲ್ಲ. ಸಂಜೆ ಒಂದೇ ದೀಪದ ಎದುರು ಕೂತು ಉಣ್ಣುತ್ತಿದ್ದರು. ಎದುರಿಗಿದ್ದವಳು ನೋಡುತ್ತಿದ್ದುದು ಇಲ್ಲದ ಒಬ್ಬ ಗಂಡನನ್ನು. ಇದ್ದವನು ಅವಳ ಕಣ್ಣಿಗೆ ಬೀಳಲೇ ಇಲ್ಲ. ಅಂಗಡಿಯಲ್ಲಿ ಗಂಟುಗಳ ನಡುವೆ ಮಲಗಿದ್ದ ದಿನಗಳಲ್ಲೂ ಅವನು ಅಷ್ಟು ಒಂಟಿಯಾಗಿರಲಿಲ್ಲ.

ಅವನಿಗಿಂತ ಮೊದಲು ಅವಳೇ ಹೋದಳು. ಕೊನೆಯಲ್ಲಿ ಅವನನ್ನು ಹತ್ತಿರ ಕರೆದು ಕ್ಷಮೆ ಕೇಳಿದಳು. "ನನ್ನ ತಪ್ಪಿನ ದುಃಖದಲ್ಲಿ ನಿಮ್ಮ ಮನೆಯನ್ನೂ ಮಂಕು ಮಾಡಿಬಿಟ್ಟೆ" ಎಂದಳು. ಅವನು ಬಾಯಿ ತೆರೆದ. ಯಾವ ಮಾತು ಆಡಿದರೂ ಅದು ಅವಳಿಗೆ ಹೇಗೆ ಕೇಳಿಸುತ್ತದೆಂದು ಅವನಿಗೆ ಗೊತ್ತಿತ್ತು. ಬಾಯಿ ಮುಚ್ಚಿ, ಅವಳ ಹಣೆಯ ಮೇಲೆ ಕೈ ಇಟ್ಟು ಕೂತ.

ಗುರುಗಳು ಕತೆ ನಿಲ್ಲಿಸಿ ನೆಲ್ಲಿಕಾಯಿಗಳನ್ನು ಮಗುಚಿ ಹಾಕತೊಡಗಿದರು.

ನಂಜಯ್ಯ ಕೇಳಿದ. "ಗುರುಗಳೇ, ಆ ಮಧ್ಯಾಹ್ನ ಅವನು ಇನ್ನು ಹೇಗೆ ಹೇಳಿದ್ದರೆ ಅವಳು ನಂಬುತ್ತಿದ್ದಳು?"

"ಆ ಮಧ್ಯಾಹ್ನಕ್ಕೆ ಅವಳು ನಂಬುವಂಥ ಮಾತು ಉಳಿದಿರಲಿಲ್ಲ" ಎಂದರು ಗುರುಗಳು. ಆಮೇಲೆ ತಲೆಯೆತ್ತಿ ಶಿಷ್ಯನ ಮುಖ ನೋಡಿ ಕೇಳಿದರು.

"ನಂಜಯ್ಯ, ಸೋಮಲಿಂಗನಿಗೆ 'ನೀನು ಹೋದರೆ ನಾನು ಒಬ್ಬನೇ ಆಗುತ್ತೇನೆ' ಎಂದು ಹೇಳಿದ್ದೀಯಾ?"