ತುಟಿಯ ಗುಳ್ಳೆ ಮತ್ತು ಮೊದಲ ಹೆಸರು

ಹರ್ಪಿಸ್ ವೈರಾಣುವಿನ ಮೇಲೆ ನಾಲ್ಕು ವರ್ಷ ಪ್ರಯೋಗ ಮಾಡಿದ ಶಾಂಭವಿ ಕೊನೆಗೊಂದು ದಿನ ಪ್ರಬಂಧ ಮುಗಿಸಿದಳು. ತನ್ನ ಪ್ರಯೋಗಾಲಯದ ಪದ್ಧತಿಯಂತೆ ಅದರ ನಿರ್ದೇಶಕರ ಹೆಸರನ್ನು ತಾನೇ ಮೊದಲು ಬರೆದು, ತನ್ನದನ್ನು ಅದರ ಕೆಳಗಿಟ್ಟಳು. ಬಹಳ ದಣಿದಿದ್ದಳು. ಬಾಲ್ಯದಿಂದ ಅವಳ ನರದಲ್ಲಿ ಮಲಗಿದ್ದ ಅದೇ ಜಾತಿಯ ವೈರಾಣು ಎದ್ದು, ತುಟಿಯ ಮೇಲೆ ಗುಳ್ಳೆಯಾಗಿ ಕೂತು, ಆ ಹೆಸರನ್ನು ನೋಡಿತು.

“ಪ್ರಯೋಗಾಲಯದಲ್ಲಿ ತಮ್ಮನ್ನು ಕಂಡ ನೆನಪಿಲ್ಲವಲ್ಲ,” ಎಂದಿತು ಗುಳ್ಳೆ.

“ಕೆಲಸ ಮುಗಿದ ಮೇಲೆ ಬರುವುದು ನಮ್ಮ ಕ್ರಮ,” ಎಂದಿತು ಹೆಸರು. “ನಾಳೆ ಈ ಪ್ರಬಂಧವನ್ನು ಉಲ್ಲೇಖಿಸುವವರು ನನ್ನೊಬ್ಬನನ್ನೇ ಹೆಸರಿಸುತ್ತಾರೆ. ಇವಳು ‘ಮತ್ತು ಇತರರು’.”

“ನಾನೂ ಬರುವುದು ಇವಳು ದಣಿದ ಮೇಲೆಯೇ. ಹಾಗಾದರೆ ನಾವು ದಾಯಾದಿಗಳು.”

“ಬಾಯಿ ಮುಚ್ಚು. ನೀನು ರೋಗ, ನಾನು ಗೌರವ.”

ಪ್ರಬಂಧ ಕಳಿಸಿದ ಮೂರನೆಯ ದಿನ ವಿಜ್ಞಾನ ಪತ್ರಿಕೆಯ ಸಂಪಾದಕರು ಕೇಳಿದರು: “ನಾಲ್ಕನೆಯ ಚಿತ್ರ ತಪ್ಪಾಗಿದೆ. ಹೊಣೆ ಯಾರದು?”

“ಅದು ಶಾಂಭವಿಯದು. ನಾನು ಆ ಚಿತ್ರವನ್ನು ನೋಡಿಯೇ ಇಲ್ಲ,” ಎಂದಿತು ಹೆಸರು. ಇಡೀ ಪ್ರಬಂಧದ ಬಗ್ಗೆ ಅದು ಆಡಿದ ನಿಜ ಅದೊಂದೇ.

ಶಾಂಭವಿ ತುಟಿಗೆ ಮುಲಾಮು ಹಚ್ಚಿಕೊಂಡು, ಪ್ರಯೋಗವನ್ನು ಮತ್ತೆ ಮಾಡಿ, ಚಿತ್ರ ತಿದ್ದಿ ಕಳಿಸಿದಳು. ಪ್ರಬಂಧಕ್ಕೆ ಒಪ್ಪಿಗೆ ಸಿಕ್ಕ ದಿನವೇ ಗುಳ್ಳೆಯೂ ಒಣಗಿತು. ನರದೊಳಕ್ಕೆ ಹಿಂತಿರುಗುವ ಮುನ್ನ ವೈರಾಣು ಹಾಳೆಯ ಕಡೆ ಒಮ್ಮೆ ನೋಡಿತು. ಹೆಸರು ಅದೇ ಮೊದಲ ಜಾಗದಲ್ಲಿ ಕಾಲು ಚಾಚಿ ಕೂತಿತ್ತು.

“ಪಾಪ ಇವಳು,” ಎಂದಿತು ವೈರಾಣು, “ನನಗಾದರೂ ಒಂದು ಮುಲಾಮು ಇದೆ.”